ಉಪ್ಪಿನ ದಾರಿಯಲ್ಲಿ ಅಡ್ಡ ಮಲಗಿರುವ ಕೋಣರಾಯರಿಗೆ

ಮಾನ್ಯ ಕೋಣರಾಯರೇ,

ತಮ್ಮ ಅಗಲವಾದ ಬೆನ್ನಿಗೂ ಅದರ ಮೇಲೆ ಕಾಯಂ ಆಗಿ ಕೂತಿರುವ ಬೆಳ್ಳಕ್ಕಿಗೂ ನನ್ನ ನಮಸ್ಕಾರಗಳು. ನಾನು ಶಾಲೆ ಬಿಟ್ಟಿದ್ದೇ ಬರೆಯುವ ಕಾಟ ತಪ್ಪಲಿ ಎಂದು. ಈ ವಯಸ್ಸಿನಲ್ಲಿ ಮತ್ತೆ ಪೆನ್ನು ಹಿಡಿಸಿದ ಕೀರ್ತಿ ತಮ್ಮದು. ಬಾಯಲ್ಲಿ ಹೇಳಿದ್ದರೆ ಎರಡೇ ಮಾತಿನಲ್ಲಿ ಮುಗಿಯುತ್ತಿತ್ತು, ಆ ಎರಡೂ ಬರೆಯುವಂಥ ಮಾತಲ್ಲ. ಆದರೆ ನಾನೊಮ್ಮೆ ಒಬ್ಬ ಸೈಕಲ್ಲಿನವನನ್ನು ಗದರಿಸಿ ಪೊದೆಗೆ ಬೀಳಿಸಿದ ಮೇಲೆ, ನಮ್ಮ ದಾರಿ ಬಳಗದ ಅಧ್ಯಕ್ಷೆ ಟೀಚರಮ್ಮನವರು, ದಾರಿಯಲ್ಲಿರುವ ಯಾರನ್ನೂ ಬೈಯಕೂಡದು, ದೂರಿದ್ದರೆ ಮರ್ಯಾದೆಯಿಂದ ಬರೆದು ದಾರಿಯ ಬಾಯಲ್ಲಿರುವ ಹಲಗೆಗೆ ಅಂಟಿಸಬೇಕು ಎಂದು ನಿಯಮ ಮಾಡಿದ್ದಾರೆ. "ಕೋಣಕ್ಕೂನಾ ಟೀಚರೇ?" ಎಂದು ಕೇಳಿದೆ. "ಯಾರನ್ನೂ ಅಂದ್ರೆ ಯಾರನ್ನೂ. ಕೂತ್ಕೊಂಡು ಬರೀರಿ" ಎಂದರು.

ತಾವು ಮಲಗಿರುವ ಹಾಸಿಗೆಯ ಚರಿತ್ರೆ ತಮಗೆ ತಿಳಿದಿರಲಿ. ವೀಲ್‌ಚೇರಿನವರು, ಊರುಗೋಲಿನವರು, ಕಣ್ಣು ಕಾಣದವರು, ಕೂಸಿನ ಗಾಡಿ ತಳ್ಳುವವರು, ಎಲ್ಲರೂ ಹೊಳೆಯವರೆಗೆ ಹೋಗುವಂತಾಗಲಿ ಎಂದು ನಮ್ಮ ಬಳಗದವರು ಭಾನುವಾರದ ನಿದ್ದೆ ಬಿಟ್ಟು, ಕಲ್ಲು ಕಿತ್ತು, ಏರು ತಗ್ಗಿಸಿ, ಜಲ್ಲಿ ಹರಡಿ, ಮಣ್ಣು ಹಾಕಿ, ದಮ್ಮಸ್ಸು ಬಡಿದ ದಾರಿ ಅದು. ಕಳೆ ಬರಬಾರದು, ಧೂಳು ಏಳಬಾರದು ಎಂದು ನಮ್ಮ ಗಾರೆ ಮೇಸ್ತ್ರಿ ಮಣ್ಣಿಗೆ ಮೂಟೆಗಟ್ಟಲೆ ಉಪ್ಪು ಬೆರೆಸಿದ. ಕಳೆ ಬರಲಿಲ್ಲ, ಧೂಳೂ ಏಳಲಿಲ್ಲ, ತಾವು ಬಂದಿರಿ. ಮೊದಲು ನೆಕ್ಕಿದಿರಿ, ತೃಪ್ತಿಯಾದ ಮೇಲೆ ಅಲ್ಲೇ ಅಡ್ಡ ಬಿದ್ದಿರಿ. ಒಂದು ಕಡೆ ಮುಳ್ಳುಪೊದೆ, ಇನ್ನೊಂದು ಕಡೆ ಕಾಲುವೆ, ನಡುವೆ ತಾವು. ನಮ್ಮ ಕೆಲಸವನ್ನು ಇಷ್ಟು ಮನಸಾರೆ ಸವಿದವರು ಊರಿನಲ್ಲಿ ಇನ್ನೊಬ್ಬರಿಲ್ಲ ಎಂಬುದನ್ನು ಒಪ್ಪುತ್ತೇನೆ.

ತಮ್ಮ ಸೌಜನ್ಯವೂ ದೊಡ್ಡದು. ಹಗ್ಗ ಹೊಸೆಯುವ ಅಜ್ಜನಿಗೆ ಕಣ್ಣು ಕಾಣದು, ದಾರಿಯಂಚಿಗೆ ತಾನೇ ಹೊಸೆದು ಕಟ್ಟಿದ ಆಸರೆ ಹಗ್ಗ ಹಿಡಿದು ಬಂದವನ ಕೈಗೆ ತಮ್ಮ ಕೊಂಬು ಸಿಕ್ಕಿ, "ಯಾರಪ್ಪ ಇಷ್ಟು ನುಣ್ಣಗಿರೋ ಹಿಡಿ ಹಾಕ್ದೋರು? ಇನ್ನೊಂದಿಷ್ಟು ಹಾಕ್ಸಿ" ಎಂದು ಹೊಗಳಿ ತಿರುಗಿ ಹೋದ. ತಾವು ಕಿವಿ ಆಡಿಸಿ ಸುಮ್ಮನಿದ್ದಿರಿ. ಅಂಥ ತಾಳ್ಮೆ ನನಗಿಲ್ಲ ಎಂದು ಮನೆಯಲ್ಲಿ ಈಗ ದಿನಾ ಕೇಳಬೇಕಾಗಿದೆ.

ನನ್ನ ಸಂಕಟ ಬೇರೆ. ಕಾಲು ಸ್ವಾಧೀನ ತಪ್ಪಿದ ಮೇಲೆ ನನ್ನ ತಂಗಿ ಹೊಳೆ ನೋಡಿಲ್ಲ. ಗಾಳ ಹಾಕುವುದರಲ್ಲಿ ಅವಳನ್ನು ಮೀರಿಸಿದವರು ಈ ಸೀಮೆಯಲ್ಲಿರಲಿಲ್ಲ. ದಾರಿ ಮುಗಿದ ಮರುದಿನವೇ ಎರೆಹುಳುವಿನ ಡಬ್ಬಿಯನ್ನೂ ಬುಟ್ಟಿಯನ್ನೂ ಮಡಿಲಲ್ಲಿಟ್ಟುಕೊಂಡು ಹೊರಟವಳು ತಮ್ಮ ಬಾಲದವರೆಗೆ ಬಂದು ನಿಂತಳು. ಅಲ್ಲಿಗೆ ನೀರಿನ ಸದ್ದು ಕೇಳುತ್ತದೆ, ನೀರು ಕಾಣುವುದಿಲ್ಲ, ಕಾಣುವುದು ತಾವು. "ಅಣ್ಣಾ, ಮನೇಲಿ ನಿನ್ನ ಮುಖ ನೋಡ್ಕೊಂಡು ಕೂತಿದ್ದೆ, ಇಲ್ಲಿ ಇವನ ಬೆನ್ನು. ನೊಣ ಒಂದು ಜಾಸ್ತಿ" ಎಂದು ನಕ್ಕಳು. ಮನೆಗೆ ಬಂದು ಎರೆಹುಳುಗಳನ್ನೆಲ್ಲ ಹೂವಿನ ಕುಂಡಕ್ಕೆ ಸುರಿದಳು. ಈ ತಿಂಗಳು ಕಳೆದರೆ ಬೇಸಿಗೆ. ಆ ಹೊಳೆಯಲ್ಲಿ ಮೀನು ಹಾಗಿರಲಿ, ಕಪ್ಪೆಗೂ ನೀರು ಸಾಲದು.

ನಾವು ಸುಮ್ಮನೆ ಕೂತಿಲ್ಲ. ಹಸಿಹುಲ್ಲು ತೋರಿಸಿದೆವು, ಡೋಲು ಬಡಿದೆವು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಏನಾಗುತ್ತದೋ ಡೋಲಿಗೂ ಅದೇ ಆಗುತ್ತದೆ ಎಂದು ಗೊತ್ತಾಯಿತು. ಬಳಗದವರೆಲ್ಲ ಸೇರಿ ಹಿಂದಿನಿಂದ ತಳ್ಳಿದಾಗ ಎದ್ದಿರಿ, ಮೈ ಮುರಿದಿರಿ, ನಾವು ಚಪ್ಪಾಳೆ ತಟ್ಟಿದೆವು, ತಾವು ಮಗ್ಗುಲು ಬದಲಿಸಿ ಮತ್ತೆ ಮಲಗಿದಿರಿ.

ಆದಕಾರಣ ಅರಿಕೆ ಏನೆಂದರೆ, ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ಹಿರಿಯರು ಹೇಳಿದ್ದಾರೆ, ಹೊಳೆ ತಮ್ಮ ಮೂಗಿನ ನೇರಕ್ಕೇ ಇದೆ, ದಯಮಾಡಿ ಹೋಗಿ ಕುಡಿಯಿರಿ. ಹೋಗುವಾಗ ತಂಗಿಯ ಕುರ್ಚಿಯನ್ನೂ ಎಳೆದುಕೊಂಡು ಹೋದರೆ ನನ್ನ ಸೊಂಟಕ್ಕೆ ಉಪಕಾರ. ಮುಂದೆಯೂ ನೆಕ್ಕುವ ಮನಸ್ಸಿದ್ದರೆ ಎರಡೂ ಅಂಚನ್ನು ಒಂದೇ ಸಮ ನೆಕ್ಕಬೇಕು, ಮಟ್ಟ ನೋಡಲು ಮೇಸ್ತ್ರಿ ರಸಮಟ್ಟ ಇಟ್ಟರೆ ಅದರ ಗುಳ್ಳೆ ನಡುವಿನಲ್ಲಿ ನಿಲ್ಲಬೇಕು. ಈಗ ತಾವು ನೆಕ್ಕಿ ಮಾಡಿರುವ ಗುಂಡಿಯಲ್ಲಿ ಚಕ್ರ ಸಿಕ್ಕಿಕೊಳ್ಳುತ್ತದೆ. ಹೇಗೂ ಮಲಗುವವರು ಒಂದೇ ಕಡೆ ಮಲಗದೆ ದಾರಿಯುದ್ದಕ್ಕೂ ಹೊರಳಿದರೆ ರೋಲರ್ ತರಿಸುವ ತಾಪತ್ರಯ ತಪ್ಪುತ್ತದೆ, ತಮ್ಮನ್ನೂ ಬಳಗದ ಸದಸ್ಯರೆಂದು ಸೇರಿಸಿಕೊಳ್ಳಲು ನನ್ನ ಅಡ್ಡಿಯಿಲ್ಲ.

ತಮ್ಮ ವಿಶ್ವಾಸಿ, ಈ ತಿಂಗಳ ಮಟ್ಟಿಗೆ,
ವೀಲ್‌ಚೇರ್ ತಳ್ಳುವ ಅಣ್ಣ

ಮರೆತ ಮಾತು: ಮಣ್ಣಿನ ಉಪ್ಪಿನ ರುಚಿ ಕಳೆಯಲು ಮೇಲೆ ಸಕ್ಕರೆ ನೀರು ಚಿಮುಕಿಸೋಣ ಎಂದು ಮೇಸ್ತ್ರಿ ನಿನ್ನೆಯಿಂದ ಹೇಳುತ್ತಿದ್ದಾನೆ. ಅವನ ತಲೆಗಿಂತ ತಮ್ಮದು ವಾಸಿ ಎಂದು ನಂಬಿ ಇಷ್ಟು ಬರೆದಿದ್ದೇನೆ. ಎದ್ದರೆ ಸಾಕು, ಬೇರೆ ವಿವರಣೆ ಬೇಡ. ಇದೇ ಇಪ್ಪತ್ತನೇ ತಾರೀಖಿನೊಳಗೆ ಉತ್ತರ ಬೇಕು.