ಷಡ್ಡಕನ ತೂಕಕ್ಕೆ ಸಿಕ್ಕ ಮಂಜೂರಾತಿ

ಹೊಟ್ಟೆಕಿಚ್ಚು ಕೆಟ್ಟದ್ದು ಅಂತ ಎಲ್ಲರೂ ಹೇಳುತ್ತಾರೆ. ನನ್ನಂಥ ದೊಡ್ಡ ಹೊಟ್ಟೆಯವರಲ್ಲಿ ಅದಕ್ಕೆ ಜಾಗವೂ ಜಾಸ್ತಿ ಎಂಬುದನ್ನು ಯಾರೂ ಯೋಚಿಸುವುದಿಲ್ಲ. ಇನ್ನೊಬ್ಬರ ಮನೆ, ಕಾರು ನೋಡಿ ಕರುಬುವುದು ಲೋಕರೂಢಿ. ನಾನು ಕರುಬಿದ್ದು ನನ್ನ ಷಡ್ಡಕ ನಾಗೇಂದ್ರನ ಸಕ್ಕರೆ ಕಾಯಿಲೆ ನೋಡಿ.

ನಾಗೇಂದ್ರ ನನ್ನ ಹೆಂಡತಿ ಸುಮಿತ್ರಳ ತಂಗಿಯ ಗಂಡ. ಸೊರಬದಲ್ಲಿ ಅವನದು ಗೊಬ್ಬರದ ಅಂಗಡಿ, ಶಿಕಾರಿಪುರದಲ್ಲಿ ನನ್ನದು ಬಟ್ಟೆ ಅಂಗಡಿ. ಮಾವನ ಮನೆಯ ಸೋಫಾದಲ್ಲಿ ನಾವಿಬ್ಬರು ಕೂತರೆ ಮೂರನೆಯವರು ಚಾಪೆ ಹುಡುಕಬೇಕು. ಮೇಲಿನ ಸಾಲಿನ ಸೀರೆ ತೆಗೆಯಲು ನಾನು ಏಣಿ ಹತ್ತಿದರೆ ಮಂಡಿ ಕಟಕಟ ಎನ್ನುತ್ತದೆ; ಗಿರಾಕಿಗಳೇ ಹೆದರಿ, "ಬ್ಯಾಡ ಬಿಡ್ರೀ, ಕೆಳಗಿರೋದನ್ನೇ ತೋರಿಸ್ರಿ" ಅನ್ನುತ್ತಾರೆ. ಶಿವಮೊಗ್ಗದ ಡಾಕ್ಟರು, "ತೂಕ ಇಳಿಯದಿದ್ದರೆ ಮಂಡಿ ಉಳಿಯಲ್ಲ" ಎಂದು ಜಠರ ಚಿಕ್ಕದು ಮಾಡುವ ಆಪರೇಷನ್ ಸೂಚಿಸಿದರು. ಸುಮ್ಮನೆ ನನ್ನ ಜೊತೆಗೆ ಬಂದಿದ್ದ ನಾಗೇಂದ್ರನೂ ತಪಾಸಣೆ ಮಾಡಿಸಿಕೊಂಡ; ಅವನಿಗೂ ಅದೇ ಸಲಹೆ. ಇಬ್ಬರದೂ ಒಂದೇ ಕಂಪನಿಯ ಆರೋಗ್ಯ ವಿಮೆ. ಆಪರೇಷನ್ನಿಗೆ ಒಪ್ಪಿಗೆ ಸಿಗಬೇಕಾದರೆ ಮೊದಲು ಕೆಲವು ತಿಂಗಳು ಪಥ್ಯ ಮಾಡಿ ನೋಡಿರಬೇಕು ಎಂದರು ಏಜೆಂಟರು.

ನಾನು ವ್ರತದಂತೆ ಪಥ್ಯ ಹಿಡಿದೆ. ಅನ್ನ ಬಿಟ್ಟೆ, ಸಂಜೆಯ ಮಂಡಕ್ಕಿ ಮಿರ್ಚಿ ಬಿಟ್ಟೆ. ನಮ್ಮ ಊರಿನಲ್ಲಿ ಮಂಡಕ್ಕಿ ಬಿಡುವುದೆಂದರೆ ಸಂನ್ಯಾಸಕ್ಕೆ ಸಮ. ನಾಗೇಂದ್ರ ಫೋನಿನಲ್ಲಿ, "ನಾನೂ ಮಾಡ್ತಾ ಇದ್ದೀನಿ ಭಾವ, ರಾತ್ರಿ ಬರೀ ಚಪಾತಿ" ಎನ್ನುತ್ತಿದ್ದ. ಎಷ್ಟು ಚಪಾತಿ ಎಂದು ಕೇಳಿದರೆ ಮಾತು ಮಳೆಬೆಳೆಗೆ ತಿರುಗುತ್ತಿತ್ತು.

ಕೊನೆಗೆ ಅವನಿಗೆ ಒಪ್ಪಿಗೆ ಬಂತು, ನನಗೆ ಬರಲಿಲ್ಲ. "ಸರ್, ನಿಮ್ಮ ತೂಕ ಸ್ವಲ್ಪ ಕಮ್ಮಿ ಬಿತ್ತು" ಎಂದರು ಏಜೆಂಟರು. ಹುಟ್ಟಿದಾಗಿನಿಂದ ಯಾರೂ ನನಗೆ ಈ ಮಾತು ಹೇಳಿರಲಿಲ್ಲ. "ಪಥ್ಯ ಮಾಡಿ ಕಂಪನಿ ಹಾಕಿದ ಗೆರೆಯಿಂದ ಕೆಳಗೆ ಇಳಿದುಬಿಟ್ರಿ. ಈ ತೂಕಕ್ಕೂ ಕೊಡ್ತಾರೆ, ಆದರೆ ಜೊತೆಗೆ ಕಾಯಿಲೆ ಇರಬೇಕು. ಶುಗರ್ ಏನಾದ್ರೂ ಇದೆಯಾ?"

"ಇಲ್ಲ."

"ಛೆ! ನಾಗೇಂದ್ರ ಸರ್ ನೋಡಿ. ಶುಗರ್ ಇದೆ, ಬಿ.ಪಿ. ಇದೆ, ನಿದ್ದೆಯಲ್ಲಿ ಉಸಿರು ಕಟ್ಟೋದೂ ಇದೆ" ಎಂದು ಮದುವೆ ಗಂಡಿನ ಗುಣಗಾನ ಮಾಡುವಂತೆ ವರ್ಣಿಸಿದರು.

ಸುಮಿತ್ರ, "ಇಷ್ಟು ಇಳಿದಿದೆಯಲ್ರೀ, ಹಿಂಗೇ ಮುಂದುವರಿಸಿ, ಆಪರೇಷನ್ನೇ ಬೇಡ" ಅಂದಳು. ಬುದ್ಧಿವಂತೆಯ ಮಾತು. ಆದರೆ ನನ್ನ ಎದೆಯಲ್ಲಿ ಕಿಚ್ಚು ಹತ್ತಿತ್ತು. ಅದನ್ನು ಆರಿಸಲು ನೇರ ಮಂಡಕ್ಕಿ ಅಂಗಡಿಗೆ ನಡೆದೆ. ದಿನಾ ನಡೆದೆ.

ನಾಗೇಂದ್ರನ ಆಪರೇಷನ್ ಆಗಿ ಕೆಲವು ತಿಂಗಳ ಮೇಲೆ ಸೊರಬಕ್ಕೆ ಹೋದೆವು. ನಾಗೇಂದ್ರ ಮಹಡಿಯಿಂದ ದಡದಡ ಇಳಿದು ಬಂದ. ನನ್ನನ್ನು ಒಮ್ಮೆಯೂ ಹೊಗಳದ ಮಾವನೂ ಅಲ್ಲಿಗೆ ಬಂದಿದ್ದರು; "ನಮ್ಮ ಸಣ್ಣ ಅಳಿಯ ಹೊಸ ಮದುಮಗನಂಗೆ ಆಗಿದಾನೆ" ಎಂದರು. ನಾನು ಹೋಳಿಗೆಯ ಕಡೆ ಗಮನ ಕೊಟ್ಟೆ.

ಊಟವಾದ ಮೇಲೆ ನಾದಿನಿ ಒಂದು ಹೊಸ ಅಂಗಿ ತಂದು, "ಭಾವ, ಆಪರೇಷನ್ನಿಗೆ ಮೊದಲು ಹೊಲಿಸಿದ್ದು, ಅವರಿಗೆ ಈಗ ದೊಗಳೆ. ನಿಮಗಾದ್ರೆ ಇಟ್ಕೊಳಿ" ಅಂದಳು. ತೊಟ್ಟೆ. ಗುಂಡಿಗೂ ಕಾಜಕ್ಕೂ ನಡುವೆ ನಾಲ್ಕು ಬೆರಳು ಅಂತರ ಉಳಿಯಿತು. ನಾಗೇಂದ್ರ ಮೆಲ್ಲಗೆ, "ಭಾವ, ಈ ಸಲ ನಿಮಗೆ ಖಂಡಿತ ಸ್ಯಾಂಕ್ಷನ್ ಆಗುತ್ತೆ" ಅಂದ.

ಸುಮಿತ್ರಳ ಮುಖ ಸಣ್ಣಗಾಯಿತು. ನನಗೆ ಮಾತ್ರ ಪರೀಕ್ಷೆ ಪಾಸಾದಷ್ಟು ಖುಷಿ. ಅಂಗಿ ಬಿಚ್ಚುವ ಮೊದಲೇ ಏಜೆಂಟರಿಗೆ ಫೋನ್ ಹಚ್ಚಿದೆ. "ಬಹಳ ಸಂತೋಷ ಸರ್" ಎಂದರು ಅವರು. "ಆದರೆ ಹೊಸ ಅರ್ಜಿ ಅಲ್ವಾ, ಮತ್ತೆ ಕೆಲವು ತಿಂಗಳು ಪಥ್ಯ ಮಾಡಬೇಕಾಗುತ್ತೆ."

ಸೋಮವಾರದಿಂದ ಶುರು ಮಾಡುವವನಿದ್ದೇನೆ. ಈ ಸಲ ಅಷ್ಟೊಂದು ಪ್ರಾಮಾಣಿಕವಾಗಿ ಮಾಡುವುದಿಲ್ಲ.