ಆಯಮ್ಮ ಯಾವ ಬಾಸೇಲಿ ಬೈತಾಳೆ?

ಊಟಕ್ಕೆ ಕರೆದರೆ ಬೇಡವೆನ್ನಬಲ್ಲೆ; ಭಾಷಣಕ್ಕೆ ಕರೆದರೆ ಬೇಡವೆನ್ನುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ದಿನ ದೂರವಿದ್ದಷ್ಟೂ ನಾನು ಮಹಾ ವಾಗ್ಮಿ. ದಿನ ಹತ್ತಿರವಾದಂತೆ ಸಭೆ ರದ್ದಾಗಲೆಂದು ಅದೇ ದೇವರಿಗೆ ಹರಕೆ ಹೊರತೊಡಗುತ್ತೇನೆ. ತಮಿಳುನಾಡಿನ ತೇನಿಯಲ್ಲಿ ನಾವೊಂದು ಹದಿನೈದು ಮಂದಿ ತಿಂಗಳಿಗೊಂದು ಭಾನುವಾರ ಸೇರಿ ಪುಸ್ತಕಗಳ ಬಗ್ಗೆ ಮಾತಾಡುತ್ತೇವೆ. ಈ ಸಲ ನಮ್ಮ ಕಾರ್ಯದರ್ಶಿಗಳು ಪ್ಯಾಲೆಸ್ತೀನ್ ಮೂಲದ ಅಮೆರಿಕದ ಕವಯಿತ್ರಿಯೊಬ್ಬರ ಬದುಕು ಬರಹದ ಬಗ್ಗೆ ನೀವೇ ಮಾತಾಡಬೇಕು ಎಂದರು. ಅವರು ಅರಬ್ಬಿಯಲ್ಲೂ ಬರೆಯುತ್ತಾರಂತೆ, ಇಂಗ್ಲಿಷಿನಲ್ಲೂ ಬರೆಯುತ್ತಾರಂತೆ. "ನಿಮಗೂ ಎರಡು ಭಾಷೆಯಲ್ಲವೇ ಸಾರ್" ಎಂದು ತಮಿಳಿನಲ್ಲಿ ಹೊಗಳಿದರು. ನಾನು ಅಲ್ಲಿಗೇ ಸೋತೆ. ಕವಯಿತ್ರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಉಚ್ಚಾರಣೆ ಕೇಳಿದರೆ ಅವರು ಆ ಹೆಸರು ತಮ್ಮದೇ ಅಲ್ಲ ಎಂದಾರು.

ನನ್ನ ಎರಡು ಭಾಷೆಯ ಕತೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಹಿರಿಯರು ಯಾವ ಕಾಲದಲ್ಲೋ ಕನ್ನಡ ನಾಡಿನಿಂದ ಈ ಕಂಬಂ ಕಣಿವೆಗೆ ಬಂದು ನೆಲೆಸಿದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನನ್ನನ್ನು ಸಾಕಿ ಮಾತು ಕಲಿಸಿದ್ದು ಓಡೈಪಟ್ಟಿಯ ಸೋದರತ್ತೆ. ಅವಳಿಗೆ ಕನ್ನಡ ಅಕ್ಷರ ಬಾರದು. ಅಕ್ಷರ ನನಗೆ ಸಿಕ್ಕಿದ್ದು ಒಡ್ಡನ್‌ಛತ್ರಂ ತರಕಾರಿ ಮಾರುಕಟ್ಟೆಯಲ್ಲಿ, ಮೈಸೂರು ಕಡೆಯ ಲಾರಿ ಡ್ರೈವರುಗಳು ಬಿಟ್ಟು ಹೋಗುತ್ತಿದ್ದ ಹಳೆಯ ಪತ್ರಿಕೆಗಳಿಂದ. ಹಾಗಾಗಿ ನನ್ನ ನಾಲಿಗೆ ಅತ್ತೆ ಕೊಟ್ಟದ್ದು, ಅಕ್ಷರ ಈರುಳ್ಳಿ ಲಾರಿ ಕೊಟ್ಟದ್ದು. ನಮ್ಮವರಲ್ಲಿ ಇನ್ನೊಂದು ಮರ್ಯಾದೆಯಿದೆ. ಮನೆ ತುಂಬ ಇಪ್ಪತ್ತು ಜನ ಕನ್ನಡದಲ್ಲಿ ಜಗಳವಾಡುತ್ತಿರಲಿ, ಕನ್ನಡ ಬಾರದ ಒಬ್ಬರು ಅಂಗಳಕ್ಕೆ ಕಾಲಿಟ್ಟರೆ ಸಾಕು, ಅರ್ಧ ಬೈಗುಳ ಕನ್ನಡದಲ್ಲಿ, ಉಳಿದರ್ಧ ತಮಿಳಿನಲ್ಲಿ ಮುಗಿಯುತ್ತದೆ. ಬಂದವರಿಗೆ ಅರ್ಥವಾಗದ ಮಾತನ್ನು ಅವರೆದುರು ಆಡಬಾರದು.

ಎರಡು ವಾರ ಕೂತು ಓದಿ ತಮಿಳಿನಲ್ಲಿ ಹನ್ನೊಂದು ಪುಟ ಬರೆದೆ. ಪುಟಕ್ಕೆ ನಾಲ್ಕು ಸಲ ಅಸ್ಮಿತೆ, ಐದು ಸಲ ಅಲೆಮಾರಿತನ. ಓದಿದ ನನಗೇ ಮೈ ಜುಮ್ಮೆಂದಿತು. ಶನಿವಾರ ಮಧ್ಯಾಹ್ನ ಅತ್ತೆಯ ಮುಂದೆ ಒಂದು ಸಲ ಓದಿ ಅಭ್ಯಾಸ ಮಾಡಿಕೊಳ್ಳೋಣವೆಂದು ಓಡೈಪಟ್ಟಿಗೆ ಹೋದೆ. ದಿಂಡಿಗಲ್ಲಿನ ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳು ನಿಲಾಳೂ ಜೊತೆಗಿದ್ದಳು. ನಿಲಾಳಿಗೆ ನಮ್ಮ ಮಾತು ಪೂರ್ತಿ ಅರ್ಥವಾಗುತ್ತದೆ, ಆದರೆ ಉತ್ತರ ಮಾತ್ರ ತಮಿಳಿನಲ್ಲೇ. ಅತ್ತೆ ಅವಳಿಗೆ ಕನ್ನಡದಲ್ಲಿ ಸುರಿಯುತ್ತಾಳೆ, ಅವಳು ತಮಿಳಿನಲ್ಲಿ ಹಿಂದಿರುಗಿಸುತ್ತಾಳೆ. ಅವಳ ಬಾಯಿಂದ ಒಂದೇ ಒಂದು ಸಲ ನಮ್ಮ ಮಾತು ಕೇಳಬೇಕೆಂಬುದು ಅತ್ತೆಯ ಎಷ್ಟೋ ವರ್ಷದ ಆಸೆ. ಇದಕ್ಕೆ ಈ ಕಾಲವನ್ನೂ ಮೊಬೈಲನ್ನೂ ದೂರುವುದು ನನಗೆ ಅನುಕೂಲ. ನಿಜವೇನೆಂದರೆ, ಆರು ವರ್ಷದವಳಿದ್ದಾಗ ಅವಳು ಒಂದು ಮದುವೆ ಮನೆಯಲ್ಲಿ ತಪ್ಪುತಪ್ಪಾಗಿ ಕನ್ನಡ ಆಡಿದಳು. ನೆಂಟರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕು, ಅವಳ ಮಾತನ್ನು ಪಂಕ್ತಿಯಲ್ಲಿ ಕೂತವರಿಗೆಲ್ಲ ಅನುಕರಿಸಿ ತೋರಿಸಿದವನು ನಾನು. ಅಂದು ಮುಚ್ಚಿದ ಬಾಯಿ.

ಅತ್ತೆ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು ತಮಿಳು ಭಾಷಣ ಶುರು ಮಾಡಿದೆ. ಅರ್ಧ ಪುಟ ಆಗಿರಬಹುದು, ಅತ್ತೆ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ಇಣುಕಿದಳು.

"ಯಾರ್ ಬಂದವ್ರೆ?"

ಯಾರೂ ಬಂದಿಲ್ಲ ಎಂದೆ.

"ಮತ್ತ್ಯಾಕ್ ತಂಬಿ ನನ್ ತಾವ ಆಪೀಸರ್ ಮಾತಾಡ್ದಂಗ್ ಮಾತಾಡ್ತೀಯ?"

ಸರಿ, ಮನೆ ಮಾತಿನಲ್ಲೇ ಹೇಳೋಣವೆಂದು ಹೊರಟರೆ ಅಸ್ಮಿತೆಗೂ ಅಲೆಮಾರಿತನಕ್ಕೂ ನಮ್ಮ ಅಡುಗೆಮನೆಯಲ್ಲಿ ಪಾತ್ರೆಯೇ ಇಲ್ಲ. ಹನ್ನೊಂದು ಪುಟ ಕುಸಿದು ಹತ್ತು ವಾಕ್ಯವಾಯಿತು. ಆಯಮ್ಮನ ಅಪ್ಪ ತನ್ನ ಊರನ್ನು ಬಿಟ್ಟು ಬರಬೇಕಾಯಿತು. ಹೋದ ದೇಶದಲ್ಲಿ ವಿಪರೀತ ಚಳಿ. ಅಲ್ಲಿ ಅಡುಗೆಮನೆಯ ಹಿಂದೆ ಒಂದು ದ್ರಾಕ್ಷಿ ಬಳ್ಳಿ ನೆಟ್ಟು, ಚಳಿಗಾಲದಲ್ಲಿ ಅದಕ್ಕೆ ಗೋಣಿ ಸುತ್ತುತ್ತಿದ್ದ. ಅವ್ವ ಅದರ ಎಲೆ ಕಿತ್ತು, ಅಕ್ಕಿ ತುಂಬಿ, ಸುರುಳಿ ಸುತ್ತಿ ಬೇಯಿಸುತ್ತಿದ್ದಳು. ಮಗಳು ಆ ಬಳ್ಳಿಯ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪದ್ಯ ಬರೆದಳು. ಅರಬ್ಬಿಯಲ್ಲಿ ಬರೆಯುವಾಗ ಬಳ್ಳಿಯ ಬಗ್ಗೆ ಬರೆಯಲಿಲ್ಲ, ಬಳ್ಳಿಯ ಜೊತೆಗೇ ಮಾತಾಡಿದಳು.

ಅತ್ತೆಯ ಕೈ ನಿಂತಿತು. ಮದುವೆಯಾದಾಗಿನಿಂದ ದ್ರಾಕ್ಷಿ ತೋಟದಲ್ಲೇ ಬಾಳಿದವಳು. "ನಾವ್ ಬಳ್ಳಿ ಕತ್ತರ್ಸಿ ಕವಾತ್ ಮಾಡ್ದಾಗ ಮೇಕೆಗ್ ಹಾಕೋ ಎಲೇಲಿ ಅವ್ರು ಅನ್ನ ಸುತ್ತಿ ತಿಂತಾರಾ? ನಮ್ಕಿಂತ ಮೇಕೆಗೇ ಬುದ್ಧಿ ಜಾಸ್ತಿ ಅನ್ನು" ಎಂದಳು. ಆಮೇಲೆ ಪ್ರಶ್ನೆ ಶುರುವಾಯಿತು. ಆಯಮ್ಮ ಯಾವ ಬಾಸೇಲಿ ಬೈತಾಳೆ? ಕಾಲಿಗೆ ಕಲ್ಲು ಎಡವಿದರೆ ಏನೆಂದು ಕೂಗುತ್ತಾಳೆ? ಎರಡು ವಾರ ಓದಿದ ಪಂಡಿತನಿಗೆ ಒಂದೂ ಗೊತ್ತಿರಲಿಲ್ಲ. ಅಪ್ಪ ಇದ್ದಾನಾ ಎಂದು ಕೇಳಿದಳು. ತೀರಿಕೊಂಡರು ಎಂದೆ. ಅದೊಂದು ಗೊತ್ತಿತ್ತು.

ಅತ್ತೆ ಇನ್ನೊಂದು ಅವರೆಕಾಯಿ ಸುಲಿದು ಕಾಳನ್ನು ಬುಟ್ಟಿಗೆ ಹಾಕಿದಳು. "ಅಂಗಾರೆ ಈಗ ಆಯಮ್ಮ ಅವ್ರ್ ಮಾತಾಗೆ ಏನಾರ ಅಂದ್ರೆ, ಹ್ಞೂ ಅನ್ನೋರ್ ಯಾರು?"

ನಿಲಾ ಫೋನಿನಿಂದ ತಲೆ ಎತ್ತಿದಳು. ಎದ್ದು ಹೊರಗೆ ನಡೆದಳು. ತೋಟದ ಎಲೆಗೆಲ್ಲ ಮದ್ದು ಹೊಡೆದಿರುತ್ತದೆಂದು ಅವಳಿಗೆ ಗೊತ್ತು. ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಯಾರೂ ಮದ್ದು ಹೊಡೆಯದೆ ತನ್ನಷ್ಟಕ್ಕೆ ಬೆಳೆದ ಬಳ್ಳಿಯಿಂದ ಮಡಿಲು ತುಂಬ ಎಳೆ ಎಲೆ ಕಿತ್ತು ತಂದಳು. ಫೋನಿನಲ್ಲಿ ಮಾಡುವ ಬಗೆ ಹುಡುಕಿ ತಮಿಳಿನಲ್ಲಿ ಓದಿ ಹೇಳಿದಳು. ಅತ್ತೆ ಅದನ್ನು ಅರ್ಧ ಕೇಳಿ, ಇನ್ನರ್ಧ ಧಿಕ್ಕರಿಸಿ, ಬೆಳ್ಳುಳ್ಳಿ ಹಸಿಮೆಣಸು ಸೇರಿಸಿ ಒಂದು ದೊಡ್ಡ ಡಬ್ಬಿ ತುಂಬಿಸಿ, ಸಭೆಗೆ ಕೊಂಡೊಯ್ಯಿ ಎಂದಳು.

ಭಾನುವಾರ ನನ್ನ ಭಾಷಣ ಹೇಗಾಯಿತೆಂದು ಕೇಳಬೇಡಿ. ಎಂಟನೆಯ ಪುಟದ ಹೊತ್ತಿಗೆ ಇಬ್ಬರು ಮಲಗಿದ್ದರು. ಭಯದಿಂದ ಹಾಳೆ ಮಡಚಿ ಅತ್ತೆಯ ಕೊನೆಯ ಪ್ರಶ್ನೆಯನ್ನು ತಮಿಳಿನಲ್ಲಿ ಹೇಳಿಬಿಟ್ಟೆ. ಮಲಗಿದ್ದವರೂ ಕಣ್ಣು ಬಿಟ್ಟರು. ಹ್ಞೂ ಅನ್ನುವವರಿಲ್ಲದ ಮೇಲೂ ಬಳ್ಳಿಯೊಡನೆಯಾದರೂ ಮಾತಾಡುವವರನ್ನೇ ಕವಿ ಎನ್ನುತ್ತಾರೇನೋ ಎಂದು ಕಾರ್ಯದರ್ಶಿಗಳು ಮೆಲ್ಲಗೆ ಅಂದರು. ಇಡೀ ಸಭೆಯಲ್ಲಿ ಒಳ್ಳೆಯ ಮಾತು ಅದೊಂದೇ, ಅದೂ ನನ್ನದಲ್ಲ. ಆಮೇಲೆ ಡಬ್ಬಿ ತೆರೆಯಿತು, ಸಾಹಿತ್ಯ ಮುಗಿಯಿತು.

ಆಗಲೇ ಅತ್ತೆಯ ಫೋನು. ಎಂಗಾತು ಎಂದು ಕೇಳಿದಳು. ಸುತ್ತ ಜನ ನಿಂತಿದ್ದರಲ್ಲ, ನಾನು ಅಭ್ಯಾಸಬಲದಿಂದ ತಮಿಳಿನಲ್ಲಿ ಚೆನ್ನಾಗಾಯಿತು ಎಂದೆ.

"ಪಕ್ಕದಾಗ್ ಯಾರವ್ರೆ?" ಎಂದಳು. ಎಲ್ಲರೂ ಇದ್ದಾರೆ ಎಂದೆ, ಮತ್ತೆ ತಮಿಳಿನಲ್ಲೇ. "ಸರಿ ಆಪೀಸರೇ, ಆಮ್ಯಾಕ್ ಮಾತಾಡಿ."

ಡಬ್ಬಿ ಹೊತ್ತು ಜೊತೆಗೆ ಬಂದಿದ್ದ ನಿಲಾ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ಅಷ್ಟು ಜನರ ನಡುವೆ ನಿಂತು, ಬಾವಿಗೆ ಇಳಿಯುವವಳಂತೆ ಒಂದೊಂದೇ ಮೆಟ್ಟಿಲು ತಡವರಿಸುತ್ತ ಅಂದಳು: "ಅಜ್ಜೀ, ನಾ ನಿಲಾ. ಎಲೆ... ಎಲ್ಲಾರೂ ತಿಂದ್ರು. ನಾ ನಾಳೆ ಅಲ್ಲಿ ಬರ್ತೀನಿ. ನೀ ಇನ್ನೂ ಮಾಡು."

ಅತ್ತ ಕಡೆಯಿಂದ ನನಗೂ ಕೇಳುವಷ್ಟು ದೊಡ್ಡದಾಗಿ ಒಂದು "ಹ್ಞೂ" ಬಂತು.

ನಿಲಾ ಇನ್ನೂ ಮಾತಾಡುತ್ತಲೇ ಇದ್ದಳು. ಅವಳಾಡಿದ ಮೊದಲ ನಾಲ್ಕು ಮಾತಿನಲ್ಲೇ ನಾನು ಮೂರು ತಪ್ಪು ಹಿಡಿದಾಗಿತ್ತು. ಮೂರೂ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಡಬ್ಬಿಯಿಂದ ಒಂದು ಸುರುಳಿ ತೆಗೆದು ಬಾಯಿಗೆ ತುರುಕಿಕೊಂಡೆ, ಸಾಲದೆಂದು ಇನ್ನೊಂದು. ಅತ್ತೆ ಎಲೆಯನ್ನು ಸರಿಯಾಗಿ ಬೇಯಿಸಿರಲಿಲ್ಲ, ಒಳ್ಳೆಯ ನಾರು. ಎಷ್ಟು ಅಗಿದರೂ ಮುಗಿಯುತ್ತಿರಲಿಲ್ಲ. ದೇವರು ದೊಡ್ಡವನು.