ಗೌನಿಪಲ್ಲಿ ತಿರುವಿನಲ್ಲಿ ಕೈಕೊಟ್ಟ ಹಿಂದಿನ ಟೈರಿಗೆ

ನನ್ನ ಬೈಕಿನ ಹಿಂಚಕ್ರದಲ್ಲಿ ಬಿಜಯಂಗೈದಿರುವ, ಮೆತ್ತನೆಯ ರಬ್ಬರಿನ ಹೊಸ ಟೈರ್ ಅವರ ದಿವ್ಯ ಸಮ್ಮುಖಕ್ಕೆ,

ಮಾನ್ಯರೇ,

ಶ್ರೀನಿವಾಸಪುರದಿಂದ ಅನಿಲ್‌ಕುಮಾರನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಗಾಳಿ ಸರಿಯಾಗಿದೆಯೆಂದೂ ಮೈಗೆ ಮೊಳೆಗಿಳೆ ಚುಚ್ಚಿಲ್ಲವೆಂದೂ ನಂಬಿದ್ದೇನೆ. ಇತ್ತ ನನ್ನ ಸೊಂಟ ಕ್ಷೇಮವಲ್ಲ.

ತಿರುವು ಬಂದರೆ ಸಾಕು, ಎರಡೂ ಕಾಲು ನೆಲಕ್ಕೂರಿ ಗಾಡಿಯನ್ನು ತಳ್ಳಿಕೊಂಡು ಹೋಗುವ ನನ್ನ ಶೈಲಿಗೆ ಬೇಸತ್ತ ನನ್ನ ಹೆಂಡತಿ ರಂಜಿತ, "ನಿಮ್ಮ ಹಿಂದೆ ಕೂತ್ರೆ ಮಾನ ಹೋಗ್ತದೆ ಕಣ್ರೀ, ನಾನು ಬಸ್ಸಲ್ಲೇ ಹೋಗ್ತೀನಿ" ಎಂದು ತವರೂರಾದ ಗೌನಿಪಲ್ಲಿಗೆ ಒಬ್ಬಳೇ ಹೋಗತೊಡಗಿದ್ದಳು. ಅವಳನ್ನು ಹಿಂದೆ ಕೂರಿಸಿಕೊಂಡು ಒಮ್ಮೆಯಾದರೂ ಮಾವನ ಮನೆ ಮುಂದೆ ಜಮ್ಮೆಂದು ಇಳಿಯಬೇಕೆಂಬ ಒಂದೇ ಆಸೆಯಿಂದ ನಾನು ಟೈರ್ ಅಂಗಡಿಯ ತಾಜ್ ಪಾಷಾ ಅವರಲ್ಲಿಗೆ ಓಡಿದೆ. ಅವರು ತಮ್ಮ ರಬ್ಬರ್ ಮೈಯನ್ನು ಉಗುರಿನಿಂದ ಒತ್ತಿ ತೋರಿಸಿ, "ತಿರುವಲ್ಲಿ ಗಾಡಿ ಮಲಗಿಸಿದ್ರೂ ರೋಡು ಬಿಡಲ್ಲ ಸಾರ್, ತಾರು ಮಾತ್ರ ನೀಟಾಗಿರಬೇಕು" ಎಂದರು. ನಾನು ಮೊದಲರ್ಧವನ್ನಷ್ಟೇ ಕಿವಿಗೆ ಹಾಕಿಕೊಂಡೆ.

ಹೋಳೂರು ರಸ್ತೆಯಲ್ಲಿ ತಮ್ಮನ್ನು ಪರೀಕ್ಷಿಸಿದ ದಿನ, ಅಬ್ಬಬ್ಬಾ, ಗಾಡಿ ಎಷ್ಟು ವಾಲಿದರೂ ತಾವು ಜಿಗಣೆಯಂತೆ ರಸ್ತೆಯನ್ನು ಕಚ್ಚಿಕೊಂಡಿರಿ! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅದನ್ನು ಕಣ್ಣಾರೆ ಕಂಡ ರಂಜಿತ ಭಾನುವಾರ ನನ್ನ ಹಿಂದೆ ಕೂತೇಬಿಟ್ಟಳು.

ಆದರೆ ಗೌನಿಪಲ್ಲಿ ಇನ್ನೇನು ಬಂತೆನ್ನುವ ತಿರುವಿನಲ್ಲಿ, ಬಸ್ಸು ಲಾರಿಗಳು ತುಳಿದು ಕಾಳು ಉದುರಲೆಂದು ಅಶ್ವತ್ಥಮ್ಮನೆಂಬ ಹಿರಿಯರು ಕೊಯ್ದ ರಾಗಿಯನ್ನು ತಾರಿನ ಮೇಲೆ ಹಾಸಿದ್ದರು. ಸುಗ್ಗಿಯಲ್ಲಿ ಅಂಥ ಕಡೆ ನಮ್ಮೂರ ಮಕ್ಕಳೂ ಸೈಕಲ್ಲನ್ನು ಮೆಲ್ಲಗೆ ಹೊಡೆಯುತ್ತಾರೆ. ನಾನು ಮಾತ್ರ ತಮ್ಮನ್ನು ನಂಬಿ ಗಾಡಿಯನ್ನು ಗಂಭೀರವಾಗಿ ವಾಲಿಸಿದೆ, ತಾವು ಸುಯ್ಯೆಂದು ಜಾರಿ ನಮ್ಮಿಬ್ಬರನ್ನೂ ಪಕ್ಕದ ಹುಲ್ಲಿನ ರಾಶಿಗೆ ಒಪ್ಪಿಸಿದಿರಿ.

ಓಡಿಬಂದ ಅಶ್ವತ್ಥಮ್ಮನವರು, "ಅಯ್ಯೋ ದೇವುಡಾ, ಏಟಾಯ್ತೇನಪ್ಪಾ?" ಎಂದು ವಿಚಾರಿಸಿ, ಇಲ್ಲವೆಂದು ತಿಳಿದೊಡನೆ, "ಹಂಗಾದ್ರೆ ಇನ್ನೆರಡು ಸುತ್ತು ಹೊಡಿ, ಕಾಳು ಚೆನ್ನಾಗಿ ಉದುರ್ತಾ ಐತೆ" ಎಂದರು. ನಕ್ಕು ನಕ್ಕು ಕಣ್ಣೀರಿಟ್ಟ ರಂಜಿತ, "ಸರೀರಿ ಅತ್ಲಾಗೆ" ಎಂದು ಹ್ಯಾಂಡಲ್ ಕಸಿದುಕೊಂಡು ರಾಗಿಯ ಮೇಲೆ ನಿಧಾನವಾಗಿ ಸುತ್ತು ಹೊಡೆದಳು. ಕೊನೆಗೆ ನಾನು ಅವಳ ಹಿಂದೆ ಕೂತು, ತಲೆತುಂಬ ಹುಲ್ಲು ಹೊತ್ತು, ಮಾವನ ಮನೆ ಮುಂದೆ ಇಳಿದೆ. ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ.

ಆದಕಾರಣ ತಾವು ರಾಗಿಹುಲ್ಲನ್ನೂ ಹಿಡಿಯುವ ವಿದ್ಯೆಯನ್ನು ಕೂಡಲೇ ಕಲಿಯಬೇಕು. ಆಗದಿದ್ದರೆ ತಾಲ್ಲೂಕಿನ ತಿರುವುಗಳನ್ನೆಲ್ಲ ನೇರ ಮಾಡಿಸಿಕೊಡಬೇಕು. ಅದೂ ಆಗದಿದ್ದರೆ ರಾಗಿ ಬೆಳೆಯನ್ನೇ ನಿಲ್ಲಿಸಬೇಕು. ಮುದ್ದೆಯಿಲ್ಲದೆ ನನಗೆ ಊಟ ಸೇರದಾದ್ದರಿಂದ ಈ ಕೊನೆಯ ಬೇಡಿಕೆಯನ್ನು ಇಲ್ಲೇ ಹಿಂದಕ್ಕೆ ಪಡೆದಿದ್ದೇನೆ.

ಜಾರಿಯೂ ನಂಬಿಕೆ ಬಿಡದ, ತಮ್ಮ ವಿಶ್ವಾಸಿ,
ಅನಿಲ್‌ಕುಮಾರ್

ಮರೆತ ಮಾತು: ರಾಗಿ ಎತ್ತಿದ ಮೇಲೆ ಮತ್ತೊಮ್ಮೆ ಗೌನಿಪಲ್ಲಿಗೆ ಹೋದಾಗ ಅದೇ ತಿರುವಿನಲ್ಲಿ ರಂಜಿತ ಗಾಡಿಯನ್ನು ಮಲಗಿಸಿಯೇ ತಿರುಗಿಸಿದಳು, ತಾವು ಕೂದಲೆಳೆಯಷ್ಟೂ ಜಾರಲಿಲ್ಲ. ತಮ್ಮ ಪಕ್ಷಪಾತಕ್ಕೆ ಧಿಕ್ಕಾರ! ಹಿಂದೆ ಕೂತಿದ್ದ ನಾನು ಕಿರುಚಿದ್ದು ಕೇಳಿ, ಅತ್ತೆಯವರು ಬಸ್ಸಿನ ಹಾರನ್ನೆಂದುಕೊಂಡು ಕಾಫಿಗೆ ನೀರಿಟ್ಟರಂತೆ.